ದೇವರ ಜಗಲಿ ಮ್ಯಾಲ ನಿಂತ ವಸ್ತಿ ಗಾಡಿ

ನಮ್ಮೂರಿಗೆ ಇರೂದು ಒಂದ ವಸ್ತಿ ಗಾಡಿ. ಸಂಜಿಕ ಗೋಕಾಕದಿಂದ ಬಂದು, ರಾತ್ರಿ ಊರಾಗ ನಿಂತು, ಮುಂಜಾನೆ ಹೊಳ್ಳಿ ಹೋಗ್ತೈತಿ. ಸೊಪ್ಪಿನ ಬುಟ್ಟಿ, ಹಾಲಿನ ಕ್ಯಾನು, ದವಾಖಾನಿಗೆ ಹೋಗೂ ಬಸರಿ ಹೆಂಗಸರು, ಎಲ್ಲಾ ಅದರಾಗ. ನಾನೂ ಅದರಾಗ. ಡಿಪೋದ ಕಂಟ್ರೋಲ್ ರೂಮಿನ್ಯಾಗ ಕುಂತು, ಯಾವ ಬಸ್ಸು ಎಲ್ಲೈತಿ ಅಂತ ಪರದೆ ಮ್ಯಾಲ ನೋಡೂದು ನನ್ನ ಕೆಲಸ. ಬಸ್ಸಿಗೊಂದು ಪೆಟಗಿ ಕೂಡಿಸ್ಯಾರ, ಅದು ತಾ ಇದ್ದ ಜಾಗಾ ತಾನ ಹೇಳ್ತೈತಿ. ಮೂಡಲಗಿ ಗಾಡಿ, ಹುಕ್ಕೇರಿ ಗಾಡಿ ಎಲ್ಲಾ ಹಸಿರ ಇರುವಿ ಹಂಗ ಹರದಾಡ್ತಾವು.

ಆಯುಧಕ್ಕ ಪೂಜಿ ಮಾಡೂ ಖಂಡೇ ಪೂಜಿ ದಿನ ನಮ್ಮ ವಸ್ತಿ ಗಾಡಿ ಪರದೆ ಮ್ಯಾಲ ಊರ ಬಿಟ್ಟು ಹಂದ್ಯಾಡಲಿಲ್ಲ. ಕೆಂಪಾಗಿ ನಿಂತಬಿಟ್ಟಿತ್ತು. ಹೊಸದಾಗಿ ಬಂದ ಸಾಹೇಬ್ರು ಹಬ್ಬದ ದಿನಾನೂ ಹಾಜರ್. ಓಡದ ಗಾಡಿಗೆ ವಸ್ತಿ ಯಾಕ, ಬಂದ್ ಮಾಡಿಬಿಡೂಣು ಅಂದ್ರು. ಗಾಡಿ ಬಂದ್ ಆದ್ರ ನನ್ನ ನೌಕರಿನೂ ಬಂದ್.

"ಸಾಹೇಬ್ರ, ನಾ ಇವತ್ತ ಅದ ಗಾಡೀಲೆ ಬಂದೇನ್ರಿ" ಅಂದೆ.

"ಕಂಪ್ಯೂಟರ್ ಸುಳ್ಳ ಹೇಳ್ತದೇನಮ್ಮಾ?" ಅಂದ್ರು.

ಅಂದ್ರ ಸುಳ್ಳ ಹೇಳಾಕಿ ನಾನು! ಸಿಟ್ಟು ನೆತ್ತಿಗೇರಿತು, ಆದ್ರ ಪಗಾರದ ನೆನಪಾಗಿ ಪರದೆ ಕಡೆ ಮಾರಿ ಹೊಳ್ಳಿಸಿದೆ.

ತಾವ ಹೋಗಿ ನೋಡಿ ರಿಪೋರ್ಟ್ ಬರೀತೇನಿ ಅಂತ ಹಟಾ ಹಿಡದ್ರು. ಜೀಪಿಗೆ ಮಾಲಿ ಹಾಕಿ, ಕುಂಬಳಕಾಯಿ ಒಡದು, ಅದರ ಡ್ರೈವರ್ ಯಾವಾಗೋ ಮನಿ ಸೇರಿದ್ದ. ಹಿಂಗಾಗಿ ಸಂಜಿಕ ನನ್ನ ಸಂಗಾಟ ಬಸ್ ಹತ್ತಿದ್ರು. ಯಾವ ಬಸ್ಸು? ಅದ ಬಸ್ಸು! ಇನ್ನೊಂದ ಇದ್ರ ತಾನ? ಡಿಪೋದವರು ಬ್ಯಾರೆ ಗಾಡಿ ಕೊಟ್ಟಾರ ಅಂತ ಅವರು ತಿಳಕೊಂಡಿದ್ರು. ನಾ ಹೇಳಾಕ ಹೋಗಲಿಲ್ಲ, ಒಮ್ಮಿ ಹೇಳಿ ಸುಳ್ಳಗಾರ್ತಿ ಆಗಿದ್ದು ಸಾಕಾಗಿತ್ತು. ಮಮದಾಪುರ ದಾಟೂಮಟಾ ಮೊಬೈಲಿನ ನಕಾಶಾ ನೋಡಿ ನೋಡಿ, ಇನ್ನೂ ಅಲ್ಲೇ ನಿಂತದ ನೋಡ ಅಂತ ಗೊಣಗಿದ್ರು. ಬಗಲಾಗ ಕೂಸ ಇಟಗೊಂಡು ಊರೆಲ್ಲಾ ಹುಡುಕಿದ್ರಂತ! ತಗ್ಗಿನ್ಯಾಗ ಗಾಡಿ ಧಡಲ್ ಅಂದು ತಲಿ ಕಂಬಿಗೆ ಬಡೀತು, ಆದ್ರೂ ಅವರ ಪಾಲಿಗೆ ಗಾಡಿ ನಿಂತ ಇತ್ತು.

ಊರಾಗ ಇಳದು ನಕಾಶಾ ತೋರಿಸಿದ ಕಡೆ ಹೋದ್ರ, ಅದು ನಮ್ಮ ವಸ್ತಿ ಗಾಡಿ ಡ್ರೈವರ್ ಕಾಕಾನ ಮನಿ. ಕಾಕಾನ ಹೇಣ್ತಿ, ನಮ್ಮ ಕಾಕು, ಒಳಗ ಕರದ್ಲು. ದೇವರ ಜಗಲಿ ಮ್ಯಾಲ ಕುಡಗೋಲು, ಕೊಡ್ಲಿ, ಸ್ಪ್ಯಾನರು, ಅವುಗಳ ನಡುವ ನಮ್ಮ ಬಸ್ಸಿನ ಪೆಟಗಿ! ಮೈತುಂಬ ಇಬತ್ತಿ ಬಡಕೊಂಡು, ಮುಂದ ಹೋಳಿಗಿ ಇಡಿಸ್ಕೊಂಡು ಕುಂತಿತ್ತು. ಒಳಗ ಅದರದ ಬ್ಯಾಟರಿ ಇರೂದಕ್ಕ, ನಾ ಇಲ್ಲೇ ಅದೇನಿ ಅಂತ ದಿನಪೂರ್ತಿ ಖರೇನ ಹೇಳಿತ್ತು.

ಗಾಡಿ ನಿಲ್ಲಿಸಿ ಬಂದ ಕಾಕಾನ್ನ ಸಾಹೇಬ್ರು ಇದೇನಂತ ಕೇಳಿದ್ರು. ದುಡಿಯೂ ಹತ್ಯಾರ ಅಂದಮ್ಯಾಗ ಅದಕ್ಕೂ ಒಂದಿನ ಪೂಜಿ, ಒಂದಿನ ಸೂಟಿ ಬ್ಯಾಡೇನ್ರಿ ಅಂದ್ರು ಕಾಕಾ. ಗಾಡಿ ಓಡಾಕ ಅದೇನ ಬೇಕಾಗೂದಿಲ್ಲಲ್ಲ! ಸಾಹೇಬ್ರು ಪೆಟಗಿಗೆ ಕೈ ಹಾಕಾಕ ಹೋದ್ರ ಕಾಕು ಅಡ್ಡ ನಿಂತ್ಲು. ನಾಳೆ ದಸರಾದ ಬನ್ನಿ ಎಲಿ ಕೊಡೂಮಟಾ ಜಗಲಿ ಮ್ಯಾಲಿಂದು ಏನೂ ಎತ್ತೂ ಹಂಗಿಲ್ಲ ಅಂದ್ಲು. ಸಾಹೇಬ್ರ ಮಾರಿ ಕೆಂಪಾತು. ಇವತ್ತ ಗಾಡಿ ಬಂದಿಲ್ಲಂತನ ಬರೀತೇನಿ, ವಸ್ತಿ ಮುಗೀತು ಅಂದ್ರು. ನನ್ನ ಕಣ್ಣಾಗ ನೀರ ಬಂತು.

ಕಾಕು ಹೋಳಿಗಿ ತಾಟು ಅವರ ಮುಂದಿಟ್ಟು, ಒಂಚೂರೂ ದನಿ ಏರಿಸದ ಕೇಳಿದ್ಲು: "ಗಾಡಿ ಬಂದಿಲ್ಲಂದ್ರ ಮುಂಜಾನೆ ಹೆಂಗ ಹೋಗ್ತೀರಿ ಸಾಹೇಬ್ರ? ಇದ್ದಬಿಡ್ರಿ ಇಲ್ಲೇ."

ಸಾಹೇಬ್ರು ಬಾಗಲದಾಗಿಂದ ಹೊರಗ ನಿಂತ ಬಸ್ಸಿನ ನಂಬರ್ ನೋಡಿದ್ರು. ಮೊಬೈಲ್ ನೋಡಿದ್ರು. ಹೋಳಿಗಿ ಮುರದ್ರು. ಆಮ್ಯಾಲ ನನ್ನ ಕಡೆ ನೋಡದ, "ಬರ್ಕೊಳಮ್ಮಾ, ಗಾಡಿ ಬಂದದ" ಅಂದ್ರು.

ಮರುದಿನ ದಸರಾ. ಬಾಳಿಗಿಡ, ಕಬ್ಬು, ಚೆಂಡ್ಹೂವು ಮಾರಾಕ ಹೊಂಟ ಹೆಂಗಸರು ಕತ್ತಲಿದ್ದಾಗನ ಹತ್ತಿ ಕುಂತಿದ್ರು. ಸಾಹೇಬ್ರಿಗೆ ಸೀಟ ಸಿಗಲಿಲ್ಲ. ಯಾರದೋ ಹೂವಿನ ಗಂಟು ಎದಿಗೆ ಅವುಚಿಕೊಂಡು ಗೋಕಾಕಮಟಾ ನಿಂತ ಹೋದ್ರು.