ದಾರ ಕಟ್ಟಿದ ಬೆಂಡೆಕಾಯಿ

ನನ್ನ ತಂಗಿ ತುಂಗಾ ಮದರಾಸಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತಿರುವಲ್ಲಿಕೇಣಿಯ ನಮ್ಮ ಮನೆಗೆ ಮರಳಿದವಳನ್ನು ನಮ್ಮ ತಂದೆ, ಬಂಧುಗಳ ಮಾತಿಗೆ ಕಿವಿಗೊಡದೆ, ಓದಲು ಹಾಕಿದರು. ಬಿ.ಎಸ್ಸಿ. ಆಯಿತು, ಕೆಲಸವೂ ಸಿಕ್ಕಿತು. ಡೆಮಾನ್‌ಸ್ಟ್ರೇಟರ್ ಎಂದರೆ ಪಾಠ ಹೇಳುವವಳಲ್ಲ. ಇನ್ನೊಬ್ಬರು ಹೇಳಿದ ಪಾಠಕ್ಕೆ ಹೂವನ್ನು ಸೀಳಿ ತೋರಿಸುವವಳು. ಪಾಠ ಹೇಳಬೇಕಾದರೆ ಎಂ.ಎಸ್ಸಿ. ಬೇಕು. ೧೯೫೮ರಲ್ಲಿ ಅಲ್ಲಿನ ಪ್ರೊಫೆಸರ್ ತಿರುಮಲೇಶರಾಯರು ಅವಳನ್ನು ಆ ಪದವಿಗಾಗಿ ಸಂಶೋಧನೆಗೆ ಸೇರಿಸಿಕೊಂಡರು. ಅರವತ್ತೊಂದರ ಕೊನೆಯೊಳಗೆ ಫಲಿತಾಂಶ ತೋರಿಸಬೇಕು, ಇಲ್ಲವಾದರೆ ನೋಂದಣಿ ರದ್ದಾಗುತ್ತದೆ.

ಅವಳ ವಿಷಯ ಬೆಂಡೆ. ನಾವು ತಿನ್ನುವ ಬೆಂಡೆಗೆ ಎಲೆಯ ನರವೆಲ್ಲ ಹಳದಿಯಾಗುವ ಒಂದು ರೋಗವಿದೆ. ಬೆಟ್ಟದ ಮೇಲಿನ ಕಾಡುಬೆಂಡೆಗೆ ಅದು ತಗಲುವುದಿಲ್ಲ. ಆದರೆ ಅದರ ಕಾಯಿಯ ತುಂಬ ಮುಳ್ಳುಗೂದಲು, ಬಾಯಿಗಿಡಲಾಗದು. ಎರಡೂ ಬೇರೆ ಬೇರೆ ಪ್ರಭೇದ. ಅವೆರಡನ್ನು ಕೂಡಿಸಿ, ಹುಟ್ಟಿದ ಗಿಡವನ್ನು ಮತ್ತೆ ಮತ್ತೆ ಮನೆಯ ಬೆಂಡೆಯ ಜೊತೆಗೇ ಕೂಡಿಸುತ್ತಾ ಹೋದರೆ ಕಾಡಿನ ಪಾಲು ಪ್ರತಿ ತಲೆಮಾರಿಗೂ ಅರ್ಧವಾಗುತ್ತದೆ. ಅದೃಷ್ಟವಿದ್ದರೆ ರೋಗ ತಡೆಯುವ ಜೀನು ಮಾತ್ರ ಉಳಿದುಕೊಳ್ಳುತ್ತದೆ. ಹೊಲದ ಅಂಚಿನಲ್ಲಿ ದುಂಬಿಗಳು ಸಾವಿರಾರು ವರ್ಷದಿಂದ ಇದನ್ನೇ ಮಾಡಿವೆ, ಗಿಡಗಳು ಹೊಸ ನೆಲಕ್ಕೆ ಹೊಸ ರೋಗಕ್ಕೆ ಹೊಂದಿಕೊಂಡದ್ದರಲ್ಲಿ ಹೀಗೆ ಪಕ್ಕದ ಪ್ರಭೇದದಿಂದ ಬಂದ ಜೀನುಗಳ ಪಾಲು ದೊಡ್ಡದು, ಎಂದು ಅವಳು ಊಟದ ಹೊತ್ತಿನಲ್ಲಿ ವಿವರಿಸುತ್ತಿದ್ದಳು. ಅಮ್ಮ ಕೇಳುತ್ತಾ ಸಾರು ಬಡಿಸುತ್ತಿದ್ದಳು.

ಕಾಲೇಜಿನಲ್ಲಿ ಜಾಗವಿಲ್ಲದ್ದರಿಂದ ಗಿಡಗಳು ನಮ್ಮ ತಾರಸಿಯ, ಅಮ್ಮನ ಮಾತಿನಲ್ಲಿ ಮೊಟ್ಟಮಾಡಿಯ, ಕುಂಡಗಳಲ್ಲಿದ್ದವು. ರೋಗ ಹಿಡಿದ ಬೆಂಡೆಗಳನ್ನು ಬೇಕೆಂದೇ ತಂದು ಸುತ್ತ ಇಟ್ಟಿದ್ದಳು, ರೋಗ ತಗಲಿದರೂ ಯಾವುದು ಹಸಿರಾಗಿ ನಿಲ್ಲುತ್ತದೆಂದು ನೋಡಲು. ಅರವತ್ತೊಂದರಲ್ಲಿ, ನಾಲ್ಕನೆಯ ತಲೆಮಾರಿನಲ್ಲಿ, ಒಂದು ನಿಂತಿತು. ಅದರ ಕಾಯಿ ನುಣುಪಾಗಿರುವುದೇ, ಬೀಜ ಮೊಳೆಯುವುದೇ ಎಂಬುದಷ್ಟೇ ಉಳಿದಿತ್ತು.

ಆಷಾಢದ ಏಕಾದಶಿಯಿಂದ ಶ್ರಾವಣದ ದ್ವಾದಶಿಯವರೆಗೆ ನಮ್ಮಲ್ಲಿ ಶಾಕವ್ರತ. ಆ ತಿಂಗಳು ಮನೆಯಲ್ಲಿ ತರಕಾರಿ ಮುಟ್ಟುವುದಿಲ್ಲ. ಕಾಯಿ ಗಿಡದಲ್ಲೇ ಒಣಗಲು ಅದೇ ಸುರಕ್ಷಿತ ಕಾಲವೆಂದು ಎಣಿಸಿ ತುಂಗಾ ಬಿತ್ತಿದ್ದಳು. ಆದರೆ ಎರಡು ಪ್ರಭೇದದ ಗಿಡ ಅರೆಬಂಜೆ. ಇಡೀ ತಿಂಗಳು ಹೂಗಳು ಉದುರಿದವು. ವ್ರತದ ಕೊನೆಯ ವಾರದಲ್ಲಿ ಒಂದು ಕಾಯಿ ಕಚ್ಚಿತು. ಕಾಗದದ ಚೀಲ ಹಾಕಿದ ಹೂಗಳನ್ನು ಮುಟ್ಟಬಾರದೆಂದು ತುಂಗಾ ಅಮ್ಮನಿಗೆ ಹೇಳಿದ್ದಳು. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು, ಗುರುತಿಗೆ ತೊಟ್ಟಿಗೆ ಕೆಂಪು ದಾರ ಕಟ್ಟಿದಳು.

ದ್ವಾದಶಿಯ ಬೆಳಿಗ್ಗೆ ವ್ರತ ಮುಗಿಸಿ ಮಠದ ಆಚಾರ್ಯರಿಗೆ ತರಕಾರಿ ದಾನ ಕೊಡುವುದು ಪದ್ಧತಿ. ಅಮ್ಮ ಮಠದಿಂದ ಹಿಂತಿರುಗಿ ಪಾರಣೆಗೆ ಎಲೆ ಹಾಕುತ್ತಿದ್ದಾಗ ತುಂಗಾ ತಾರಸಿಯಿಂದ ಇಳಿದು ಬಂದಳು.

"ಅಮ್ಮಾ, ಮೇಲೆ ಒಂದು ಬೆಂಡೆಕಾಯಿ ಇತ್ತು."

"ಕೊಟ್ಟಾಯ್ತು ಕಣೇ. ಆಚಾರ್ರ ಕೈಗೇ ಹಾಕ್ದೆ. ಮೊಟ್ಟಮಾಡಿಲಿ ಅದೊಂದು ಗಿಡ ಲಕ್ಷಣವಾಗಿತ್ತು, ಮಿಕ್ಕಿದ್ದೆಲ್ಲ ಹಳದಿ ಹೊಡ್ದಿದೆ. ರೋಗದ ಗಿಡದ್ದು ದಾನಕ್ಕೆ ಆಗತ್ತಾ? ಇನ್ನೆರಡು ದಿನ ಬಿಟ್ಟಿದ್ರೆ ಬಲಿತುಹೋಗ್ತಿತ್ತು." ಅಮ್ಮ ಎಲೆಗೆ ನೀರು ಚಿಮುಕಿಸಿ ಒರೆಸಿದಳು. "ನೀನು ದಾರ ಕಟ್ಟಿ ಮೀಸಲಿಟ್ಟಿದ್ದು ನೋಡ್ದೆ. ನೀನಾಗಿ ನೀನು ಯಾವತ್ತು ದೇವರು ಅಂದೋಳು? ಆಚಾರ್ರಿಗೂ ಹೇಳ್ದೆ, ನಮ್ಮ ಕಾಲೇಜಿನೋಳು ಮೀಸಲಿಟ್ಟಿದ್ದು ಅಂತ."

ಗಿಡದ ಮೊದಲ ಕಾಯಿಗೆ ದಾರ ಕಟ್ಟಿದರೆ ಅದು ದೇವರಿಗೆಂದು ನಮ್ಮ ಮನೆಯಲ್ಲಿ ಅರ್ಥ. ನಮ್ಮ ಅಜ್ಜಿ ಹಾಗೆ ಕಟ್ಟುತ್ತಿದ್ದರು. ಕಟ್ಟುವಾಗ ಅದು ತುಂಗಾಳಿಗೆ ನೆನಪಾಗಿರಲಿಲ್ಲ. ಅಮ್ಮನ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ತಂದೆ ಹೋದ ಮೇಲೆ ಕಂಡಿರಲಿಲ್ಲ.

"ಹೌದಮ್ಮಾ, ಮೀಸಲೇ," ಎಂದಳು ತುಂಗಾ. ಕುಳಿತು ಊಟ ಮಾಡಿದಳು. ಅಗಸೆಸೊಪ್ಪಿನ ಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಂಡಳು.

ಕೈ ತೊಳೆಯುವಾಗ, ಆಚಾರ್ಯರ ಮನೆಗೆ ಹೋಗಿ ಬರಲೇ ಎಂದು ನಾನು ಕೇಳಿದೆ.

"ಒಳಗೆ ಬೀಜ ಇನ್ನೂ ನೀರಿನ ಹನಿ ಥರ ಇರತ್ತೆ ಅಣ್ಣಾ. ತಂದ್ರೆ ಹುಳಿಗಾಗತ್ತೆ."

ಆಮೇಲೆ ಆ ಗಿಡದಲ್ಲಿ ಇನ್ನಷ್ಟು ಮೊಗ್ಗು ಬಂದವು, ಯಾವುದೂ ಕಚ್ಚಲಿಲ್ಲ. ಅಕ್ಟೋಬರಿನಲ್ಲಿ ಐಪ್ಪಸಿ ತಿಂಗಳ ಮಳೆಗೆ ಬುಡ ಕೊಳೆಯಿತು. ಹಿಂದಿನ ತಲೆಮಾರಿನ ಬೀಜ ಒಂದೂ ಮಿಕ್ಕಿರಲಿಲ್ಲ, ಎಲ್ಲವನ್ನೂ ಬಿತ್ತಿಯಾಗಿತ್ತು.

ಏನಾಯಿತೆಂದು ಪ್ರೊಫೆಸರು ಕೇಳಿದರಂತೆ. ಕಾರಣ ಸರಿಯಾಗಿದ್ದರೆ ಒಂದು ವರ್ಷ ಹೆಚ್ಚಿಗೆ ಕೊಡಿಸುತ್ತೇನೆ ಎಂದೂ ಹೇಳಿದರಂತೆ. ಅವರೂ ನಮ್ಮ ಮಠಕ್ಕೇ ಬರುವವರು, ಮಾತಿನಲ್ಲಿ ಹಾಸ್ಯ ಹೆಚ್ಚು. ಅವರಿಗೆ ಹೇಳಿದ್ದು ಮುಂದಿನ ಏಕಾದಶಿಯೊಳಗೆ ಅಮ್ಮನ ಕಿವಿಗೆ ಬೀಳುತ್ತಿತ್ತು. ಕಾಯಿ ನಿಲ್ಲಲಿಲ್ಲ ಎಂದಷ್ಟೇ ತುಂಗಾ ಹೇಳಿದಳು. ನೋಂದಣಿ ರದ್ದಾಯಿತು. ಈ ಎರಡು ಬೆಂಡೆಗಳ ನಡುವೆ ಜೀನು ದಾಟಲಾರದು, ನಮ್ಮ ವಿಭಾಗದಲ್ಲೇ ಪರೀಕ್ಷಿಸಿ ನೋಡಿದ್ದೇವೆ ಎಂದು ಪ್ರೊಫೆಸರು ಮರುವರ್ಷದಿಂದ ಪಾಠದಲ್ಲಿ ಸೇರಿಸಿದರು. ಅವರು ಅದನ್ನು ಹೇಳುವ ವಾರದಲ್ಲಿ ಪ್ರಯೋಗಶಾಲೆಯ ಮೇಜುಗಳ ಮೇಲೆ ಎರಡೂ ಹೂಗಳನ್ನು ಸೀಳಿ ಇಡುವ ಕೆಲಸ ತುಂಗಾಳದು.

ಅಮ್ಮ ಅರವತ್ತಾರರಲ್ಲಿ ತೀರಿಕೊಂಡಳು. ವರ್ಷಾಂತಿಕವೂ ಆದ ಮೇಲೆ ಒಂದು ದಿನ, ಇನ್ನಾದರೂ ತಿರುಮಲೇಶರಾಯರಿಗೆ ನಿಜ ಹೇಳಬಹುದಲ್ಲ ಎಂದೆ. ಅವಳು ಮಾರನೆಯ ದಿನದ ತರಗತಿಗೆ ಸೂಜಿಗಳನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದಳು.

"ದಾಟಿತ್ತು ಅಣ್ಣಾ. ನಾನು ನೋಡಿದೀನಿ," ಎಂದಳು. "ಆದ್ರೆ ಅವರು ತೋರ್ಸು ಅಂತಾರೆ."

ಒರೆಸಿದ ಸೂಜಿಯನ್ನು ಡಬ್ಬಿಯಲ್ಲಿಟ್ಟು ಇನ್ನೊಂದನ್ನು ತೆಗೆದುಕೊಂಡಳು.