ರಾಹುಕಾಲ ಕಳೆದ ಮೇಲೆ ಹೊರಟ ದೋಣಿ

ಅಮೆರಿಕದ ಫ್ರೀಮಾಂಟಿನ ಹತ್ತಿರ, ಕೆರೆಯ ಕಟ್ಟೆಯಲ್ಲಿ ಹಾಯಿದೋಣಿಯೊಂದನ್ನು ಕೊಂಡು ಅದರಲ್ಲಿಯೇ ಸಂಸಾರ ಹೂಡಿದ ಕನ್ನಡಿಗರು, ನಾನು ಬಲ್ಲಂತೆ, ನಂಜುಂಡಸ್ವಾಮಿ ಒಬ್ಬರೇ. ಇವರು ಸಮುದ್ರಗಳನ್ನು ದಾಟಿದ ಸಾಹಸಿಗಳೆಂದು ಯಾರೂ ತಿಳಿಯಬೇಕಾಗಿಲ್ಲ. ದೋಣಿ ಕೊಂಡ ಆರು ವರ್ಷಗಳಲ್ಲಿ ಅದು ಒಂದು ಗೇಣೂ ಕದಲಿರಲಿಲ್ಲ. ನಾಲ್ಕು ಹಗ್ಗಗಳೂ ಒಂದು ಕರೆಂಟಿನ ವೈರೂ ಅದನ್ನು ದಡಕ್ಕೆ ಭದ್ರವಾಗಿ ಬಿಗಿದಿದ್ದುವು. ಒಳಗೆ ಕುಕ್ಕರ್ ಕೂಗುತ್ತಿತ್ತು. ಹಾಯಿ ಕಟ್ಟಬೇಕಾದ ಮರದ ಮೇಲೆ ಅವರ ಹೆಂಡತಿ ವಿಜಯಾ ಸೀರೆ ಒಣಗಹಾಕುತ್ತಿದ್ದರು. ಗಾಳಿ ಬಂದರೆ ಉಬ್ಬುತ್ತಿದ್ದುದು ಆ ಸೀರೆಗಳು ಮಾತ್ರ.

ನಂಜುಂಡಸ್ವಾಮಿಯವರ ಇನ್ನೊಂದು ಕೀರ್ತಿ ಸಮಯಪಾಲನೆಯದು. ಯುಗಾದಿಯ ಊಟಕ್ಕೆ ಎಲ್ಲರೂ ಎಲೆ ಮುಂದೆ ಕುಳಿತು ಫೋನ್ ಮಾಡಿದರೆ, "ದಾರೀಲಿದೀನಿ" ಎನ್ನುವರು. ಅದೇ ಉಸಿರಿನಲ್ಲಿ ಹಿಂದಿನಿಂದ ಅವರ ಕುಕ್ಕರಿನ ಮೂರನೆಯ ಕೂಗು ನಮಗೆ ಕೇಳಿಸುವುದು. ಇಪ್ಪತ್ತು ವರ್ಷಗಳಿಂದ ಅವರು ದಾರಿಯಲ್ಲಿಯೇ ಇದ್ದರು; ತಲುಪಿದ್ದನ್ನು ಕಂಡವರು ಕಡಿಮೆ.

ಇಂಥ ಮನುಷ್ಯನಿಗೆ ದೋಣಿಯ ಹುಚ್ಚು ಏಕೆಂದು ನಾವೆಲ್ಲ ನಗುತ್ತಿದ್ದೆವು. ಕಾರಣ ತಿಳಿದ ಮೇಲೆ ನಗು ಸ್ವಲ್ಪ ಕಡಿಮೆಯಾಯಿತು. ಅವರಿಗೆ ಮಹದೇವಸ್ವಾಮಿ ಎಂಬ ಅಣ್ಣನಿದ್ದ. ನಂಜನಗೂಡಿನಿಂದ ನೌಕಾಪಡೆಗೆ ಸೇರಿದವನು. ಎಪ್ಪತ್ತೊಂದರ ಯುದ್ಧದಲ್ಲಿ ಹಡಗಿನೊಡನೆ ಮುಳುಗಿದಾಗ ಅವನಿಗೆ ಇಪ್ಪತ್ತೆರಡು, ತಮ್ಮನಿಗೆ ಒಂಬತ್ತು. ದೇಹ ಸಿಗಲಿಲ್ಲ. ತಾಯಿ ಸಿದ್ದಮ್ಮನವರು ತಾವು ಬದುಕಿರುವ ತನಕ ಪಿತೃಪಕ್ಷದಲ್ಲಿ ಅವನಿಗೆ ಎಡೆ ಇಡಗೊಡಲಿಲ್ಲ. ಮುಖ ನೋಡದೆ ಮಗನನ್ನು ಸತ್ತವರ ಸಾಲಿಗೆ ಸೇರಿಸಲು ಅವರಿಂದಾಗಲಿಲ್ಲ. ತಾಯಿ ತೀರಿಕೊಂಡ ಮೇಲೆ ನಂಜುಂಡಸ್ವಾಮಿಗೂ ಕೈ ಬರಲಿಲ್ಲ. ಸತ್ತವನೆಂದು ಅಣ್ಣನ ಹೆಸರನ್ನು ಒಮ್ಮೆಯಾದರೂ ಯಾರಾದರೂ ಎಲ್ಲರೆದುರು ಕರೆಯಲಿ, ಆಮೇಲೆ ಎಡೆ ಇಡುವೆ ಎಂದು ಹೆಂಡತಿಗೆ ಹೇಳಿದ್ದರಂತೆ.

ಅಮೆರಿಕದಲ್ಲಿ ಮೇ ತಿಂಗಳ ಕಡೆಯ ಸೋಮವಾರ ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನ. ನಮ್ಮವರಿಗೆ ಅದು ಹಾಸಿಗೆ, ಟಿವಿಗಳು ಅಗ್ಗವಾಗಿ ಸಿಗುವ ಪುಣ್ಯದಿನವೆಂದಷ್ಟೇ ಗೊತ್ತು. ಕೆರೆಯಿಂದಾಚೆಗಿನ ದೊಡ್ಡ ಸರೋವರದ ಎದುರು ದಡದ ಕರ್ಕ್‌ಲ್ಯಾಂಡಿನ ದೋಣಿಯವರು ಮಾತ್ರ ಅಂದು ಬೆಳಿಗ್ಗೆ ಹನ್ನೊಂದಕ್ಕೆ ನೀರಿನ ಮೇಲೆ ದುಂಡಗೆ ಸೇರುತ್ತಿದ್ದರು. ದೋಣಿಗಳ ರೇಡಿಯೋದಲ್ಲಿ ಒಂದೊಂದೇ ಹೆಸರು ಕರೆಯುವರು. ಆ ಹೆಸರನ್ನು ತಂದ ದೋಣಿಯವರು ಓಗೊಡಬೇಕು. ಗಂಟೆ ಬಾರಿಸಿದೊಡನೆ ನೀರಿಗೆ ಹೂ ಬಿಡಬೇಕು. ಇದನ್ನು ನಡೆಸುತ್ತಿದ್ದಾಕೆ ಡೊರೊತಿ, ನೌಕಾಪಡೆಯಲ್ಲಿ ದಾದಿಯಾಗಿದ್ದ ಮುದುಕಿ. ಎರಡು ಸಾವಿರದ ಹದಿನಾರರಲ್ಲಿ ನಂಜುಂಡಸ್ವಾಮಿ ಅಳುಕುತ್ತ, ತಮ್ಮ ಅಣ್ಣ ಬೇರೆ ದೇಶದ ಪಡೆಯವನೆಂದು ಆಕೆಗೆ ತಿಳಿಸಿದರು. ಹಡಗಿನಲ್ಲಿದ್ದವನೇ ಎಂದು ಆಕೆ ಕೇಳಿದಳು. ಹೌದೆಂದಾಗ ಹೆಸರು ಬರೆದುಕೊಂಡಳು.

ಇನ್ನು ಹೋಗುವುದೊಂದೇ ಬಾಕಿ. ಜಾತಕ, ಮುಹೂರ್ತಗಳನ್ನು ಪ್ರತಿ ಊಟದಲ್ಲೂ ಗೇಲಿ ಮಾಡುತ್ತಿದ್ದ ನಂಜುಂಡಸ್ವಾಮಿ ಹಿಂದಿನ ದಿನ ಅಶ್ವತ್ಥನಿಗೆ ಫೋನ್ ಮಾಡಿದರು, ಸುಮ್ಮನೆ ತಿಳಿದಿರಲೆಂದು. ಅಶ್ವತ್ಥ ಕಂಪ್ಯೂಟರಿನಿಂದ ಅನ್ನ ಕಂಡುಕೊಂಡವನು. ಪಂಚಾಂಗವನ್ನೂ ಅಷ್ಟೇ ಶ್ರದ್ಧೆಯಿಂದ ನೋಡುವವನು.

"ಅಣ್ಣ, ಬೆಂಗಳೂರು ಕ್ಯಾಲೆಂಡರ್ ಇಲ್ಲಿ ವರ್ಕ್ ಆಗಲ್ಲ. ಇಲ್ಲಿನ ಸನ್‌ರೈಸ್ ಇಟ್ಕೊಂಡು ಲೆಕ್ಕ ಹಾಕಿದೀನಿ. ರಾಹುಕಾಲ ಏಳು ಹದಿಮೂರಕ್ಕೆ ಹಿಡಿದು ಒಂಬತ್ತು ಹತ್ತಕ್ಕೆ ಬಿಡುತ್ತೆ" ಎಂದ. ಊರಿನಲ್ಲಿ ಒಂದೂವರೆ ಗಂಟೆಗೆ ತೃಪ್ತನಾಗುವ ರಾಹು ಅಮೆರಿಕಕ್ಕೆ ಬಂದು, ಬೇಸಗೆಯ ಉದ್ದನೆಯ ಹಗಲಿನಲ್ಲಿ ತಾನೂ ಸ್ವಲ್ಪ ಬೆಳೆದಿದ್ದ.

ಏಳಕ್ಕೆ ಮುಂಚೆಯೇ ಹೊರಟರಾಯಿತೆಂದು ವಿಜಯಾ ಹೇಳಿದರು. ಒಳ್ಳೆಯ ಸಲಹೆಯೇ. ನಂಜುಂಡಸ್ವಾಮಿ ಎದ್ದಾಗ ಏಳು ಇಪ್ಪತ್ತು. ಇನ್ನು ಒಂಬತ್ತು ಹತ್ತರವರೆಗೆ ಹಗ್ಗ ಬಿಚ್ಚುವಂತಿಲ್ಲವೆಂದು ಕುಳಿತುಬಿಟ್ಟರು.

"ಆರು ವರ್ಷದಿಂದ ಕಟ್ಟಿ ಹಾಕಿರೋ ದೋಣಿ ಇದು. ಇದಕ್ಕೆ ರಾಹು ಬೇರೆ ಬೇಕಿತ್ತಾ?" ಎಂದರು ವಿಜಯಾ.

"ನಮ್ಮಣ್ಣ ಹೊರಟ ದಿನ ಯಾರೂ ರಾಹುಕಾಲ ನೋಡ್ಲಿಲ್ಲ ಕಣೇ."

ವಿಜಯಾ ಎದ್ದು ಒಳಗಿನಿಂದ ನಿಂಬೆಹಣ್ಣು ತಂದರು.

ನಿಂಬೆಹಣ್ಣಿನದು ಬೇರೆಯೇ ತೊಡಕು. ಹೊಸದಾಗಿ ಹೊರಡುವ ಗಾಡಿಯ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ಹಣ್ಣು ಇಡುವುದು ನಮ್ಮ ವಾಡಿಕೆ. ದೋಣಿಗೆ ಚಕ್ರವಿಲ್ಲ. ಮೂಲೆಗಳಿಗೆ ಇಡೋಣವೆಂದರೆ ಮುಂದುಗಡೆ ಚೂಪಾಗಿರುವುದರಿಂದ ಮೂರೇ ಮೂಲೆ. ಮತ್ತೆ ಅಶ್ವತ್ಥನಿಗೆ ಫೋನು. ನಾಲ್ಕನೆಯದನ್ನು ಎಂಜಿನ್ನಿನ ಮೇಲೆ ಇಡಬಹುದೆಂದು ಆತ ಅಪ್ಪಣೆ ಕೊಡಿಸಿದ. ಲಂಗರಿಗೆ ತೆಂಗಿನಕಾಯಿ ಒಡೆದು ಕರ್ಪೂರ ಬೆಳಗಿ ಹಗ್ಗ ಬಿಚ್ಚುವಾಗ ಒಂಬತ್ತು ಮುಕ್ಕಾಲಾಗಿತ್ತು. ರಾಹುವೂ ಬೇಸತ್ತು ಹೋಗಿದ್ದಿರಬೇಕು.

ಆರು ವರ್ಷಗಳ ಪಾಚಿ ದೋಣಿಯ ತಳಕ್ಕೆ ಗಡ್ಡದಂತೆ ಬೆಳೆದಿತ್ತು. ಪಕ್ಕದಲ್ಲಿ ಹುಟ್ಟು ಹಾಕುತ್ತಿದ್ದ ಹೆಂಗಸೊಬ್ಬಳು ಇವರನ್ನು ದಾಟಿಕೊಂಡು ಹೋದಳು. ದಾರಿಯಲ್ಲಿ ಎರಡು ಸೇತುವೆಗಳು. ಹಾಯಿಮರ ಎತ್ತರವಾದುದರಿಂದ ಕೊಂಬು ಊದಿ, ಸೇತುವೆಯ ಕಾವಲಿನವರು ಅದನ್ನು ಎತ್ತುವವರೆಗೆ ಕಾಯಬೇಕು. ಎರಡನೆಯದಾದ ಮಾಂಟ್‌ಲೇಕ್ ಸೇತುವೆ ದಾಟಿ ದೊಡ್ಡ ಸರೋವರಕ್ಕೆ ಬಿದ್ದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಹನ್ನೊಂದಾಯಿತು. ಕರ್ಕ್‌ಲ್ಯಾಂಡ್ ಇನ್ನೂ ಮಸುಕಾದ ಒಂದು ಗೆರೆ. ನಂಜುಂಡಸ್ವಾಮಿ ಎಂಜಿನ್ ನಿಲ್ಲಿಸಿದರು. ಇನ್ನು ಹೋಗಿ ಏನು ಪ್ರಯೋಜನವೆಂದು ತಲೆ ತಗ್ಗಿಸಿ ಕುಳಿತರು. ವಿಜಯಾ ಬೈಯಲಿಲ್ಲ. ಅದರಿಂದ ಅವರಿಗೆ ಇನ್ನೂ ಹೆಚ್ಚು ನೋವಾಯಿತಂತೆ.

ಆಗ ರೇಡಿಯೋ ಗೊರಗುಟ್ಟಿತು. ಡೊರೊತಿ ಹೆಸರುಗಳನ್ನು ಕರೆಯುತ್ತಿದ್ದಳು. ಒಂದು ಹೆಸರು, ಒಂದು ಓಗೊಡುವ ದನಿ, ಒಂದು ಗಂಟೆ. ಹೀಗೆ ಏಳು ಹೆಸರುಗಳಾದುವು. ಎಂಟನೆಯದು ಮಹದೇವಸ್ವಾಮಿ. ಮುದುಕಿ ಅಕ್ಷರ ಅಕ್ಷರವಾಗಿ, ಎಚ್ಚರದಿಂದ ಕರೆದಳು. ಉತ್ತರ ಬಾರದಿರಲು ಎರಡನೆಯ ಸಲ ಕರೆದಳು.

ವಿಜಯಾ ರೇಡಿಯೋದ ಮೈಕನ್ನು ಗಂಡನ ಕೈಗೆ ತುರುಕಿದರು. ಇಪ್ಪತ್ತು ವರ್ಷ ಕಚೇರಿಯಲ್ಲಿ ಆಡಿದ ಇಂಗ್ಲಿಷೆಲ್ಲ ಆ ಗಳಿಗೆಯಲ್ಲಿ ಎಲ್ಲಿ ಅಡಗಿತೋ, ನಂಜುಂಡಸ್ವಾಮಿ ಗುಂಡಿ ಒತ್ತಿ ತಮಗೆ ಚೆನ್ನಾಗಿ ರೂಢಿಯಾದ ಒಂದೇ ಮಾತನ್ನು ಹೇಳಿದರು: "ದಾರೀಲಿದೀವಿ."

ಬಹುಶಃ ಜೀವಮಾನದಲ್ಲಿ ಮೊದಲ ಬಾರಿಗೆ ಅದು ನಿಜವಾಗಿತ್ತು. ಡೊರೊತಿಗೆ ಅರ್ಥವಾಗಿರಲಾರದು, ಆದರೆ ಓಗೊಟ್ಟದ್ದು ಓಗೊಟ್ಟದ್ದೇ. ಗಂಟೆ ಬಾರಿಸಿದಳು. ವಿಜಯಾ ಕಟ್ಟಿದ್ದ ಸೇವಂತಿಗೆಯ ಹಾರವನ್ನು ನಂಜುಂಡಸ್ವಾಮಿ ಆ ನಡುನೀರಿನಲ್ಲಿಯೇ ಬಿಟ್ಟರು. ಎಂಜಿನ್ ಮತ್ತೆ ಹಾಕಿ ಹೊರಟ ಮೇಲೂ ಅದು ದೋಣಿಯ ಪಕ್ಕದಲ್ಲಿಯೇ ಬಹಳ ಹೊತ್ತು ಇತ್ತು. ದೋಣಿಯ ವೇಗ ಅಂಥದು.

ಆ ವರ್ಷದ ಪಿತೃಪಕ್ಷದಲ್ಲಿ ಮಹದೇವಸ್ವಾಮಿಗೆ ಮೊದಲ ಎಡೆ. ನಮ್ಮನ್ನೂ ದೋಣಿಗೆ ಊಟಕ್ಕೆ ಕರೆದಿದ್ದರು. ಹನ್ನೆರಡಕ್ಕೆ ಸರಿಯಾಗಿ ಹೋದೆವು. ಅಣ್ಣನ ಫೋಟೋಕ್ಕೆ ಹೂ ಮುಡಿಸಿ, ವಡೆ ಪಾಯಸ ಮಾಡಿಟ್ಟುಕೊಂಡು ವಿಜಯಾ ಕಾಯುತ್ತಿದ್ದರು. ಬಾಳೆಲೆ ತರಲು ಹೋದ ಯಜಮಾನರು ಮಾತ್ರ ಒಂದೂವರೆಯಾದರೂ ಇಲ್ಲ. ಅಶ್ವತ್ಥ ಫೋನ್ ಮಾಡಿದ. ದಾರಿಯಲ್ಲಿದ್ದರಂತೆ.