ವಾರಗಿತ್ತಿ ಮನೆಯ ಸಿಗ್ನಲ್

ಹೋದ ತಿಂಗಳು ಒಂದು ಸಂಜೆ ನಮ್ಮ ಅತ್ತೆ ಕಾಫಿ ಲೋಟ ಕೈಯಲ್ಲಿ ಹಿಡಿದು, ಅದರ ಮೇಲೊಂದು ಬಟ್ಟಲು ಮುಚ್ಚಿ, ನಮ್ಮ ಹೊಸ್ತಿಲು ದಾಟಿ ಪಕ್ಕದ ಮನೆಗೆ ಹೊರಟರು. ಕಾಫಿ ನಾನು ಬೆರೆಸಿದ್ದು. ಡಿಕಾಕ್ಷನ್ ನನ್ನದು, ಹಾಲು ನನ್ನದು, ಅವರಿಗೆ ಸಕ್ಕರೆ ಎಷ್ಟು ಅನ್ನುವ ಅಂದಾಜೂ ನನ್ನದು. ಕುಡಿಯುವುದು ಮಾತ್ರ ಸುಮಾ ಮನೆಯಲ್ಲಿ!

ಸುಮಾ ಅಂದರೆ ನನ್ನ ವಾರಗಿತ್ತಿ, ಮೈದುನ ರವಿಯ ಹೆಂಡತಿ. ಚಾಮರಾಜಪೇಟೆಯ ನಮ್ಮ ಹಳೇ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ನಡುವೆ ಒಂದು ಗೋಡೆ ಎಬ್ಬಿಸಿದರು. ಪೂರ್ವದ ಅರ್ಧ ನಮಗೆ, ಪಶ್ಚಿಮದ ಅರ್ಧ ಅವರಿಗೆ. ದೇವರ ಮನೆ, ಸಂಪಿಗೆ ಮರ, ಬೆಳಗಿನ ಬಿಸಿಲು ಎಲ್ಲ ನಮ್ಮ ಕಡೆ ಬಂತು. ಆಗ ನಾನು ಒಳಗೊಳಗೇ ಹಿಗ್ಗಿದ್ದು ನಿಜ. ಅತ್ತೆಯೂ ನಮ್ಮ ಕಡೆಗೇ ಬಂದರು. (ಅವರನ್ನು ಯಾರೂ ಪಾಲು ಹಾಕಲಿಲ್ಲ. ದೇವರ ಮನೆ ಎಲ್ಲಿದೆಯೋ ನಾನು ಅಲ್ಲಿ ಎಂದು ಅವರೇ ತೀರ್ಮಾನಿಸಿದರು.)

ಈ ಅಂಕಣ ಓದುವವರಿಗೆ ನಮ್ಮ ಅತ್ತೆ ಹೊಸಬರಲ್ಲ. ಬರೆದದ್ದನ್ನು ಪೇಪರಿಗೆ ಕಳಿಸುವ ಮೊದಲು ಸಂಜೆಯ ಕಾಫಿ ಹೊತ್ತಿಗೆ ಅವರಿಗೆ ಓದಿ ಹೇಳುತ್ತೇನೆ. ಅವರು ಮಲ್ಲಿಗೆ ಮೊಗ್ಗು ಕಟ್ಟುತ್ತಾ ಕೇಳುತ್ತಾರೆ. ಕಟ್ಟುವ ಕೈ ನಿಂತರೆ ಆ ಸಾಲು ಚೆನ್ನಾಗಿದೆ ಎಂದು ಅರ್ಥ. ಕೈ ಚುರುಕಾದರೆ ಬೋರು. ಸಂಪಾದಕರು ಕೂಡ ನನ್ನ ಬರಹವನ್ನು ಅಷ್ಟು ಶ್ರದ್ಧೆಯಿಂದ ನೋಡುವುದಿಲ್ಲ. ಆ ಹೊತ್ತು ನನ್ನದಾಗಿತ್ತು. ನನಗೂ ಅವರಿಗೂ ಬಿಟ್ಟರೆ ಅಲ್ಲಿ ಬೇರೆ ಯಾರಿಗೂ ಜಾಗವಿರಲಿಲ್ಲ.

ಈಗ ಅದು ಸುಮಾ ಪಾಲು. ಯಾಕೆ ಅಂತೀರಾ? ವೈರ್‌ಲೆಸ್ ಬ್ರಾಡ್‌ಬ್ಯಾಂಡ್.

ನಮ್ಮ ಬೀದಿಯಲ್ಲಿ ರಸ್ತೆ ಅಗೆಯುವುದಕ್ಕೆ ಕಾಲ, ಮುಹೂರ್ತ ಅಂತೇನೂ ಇಲ್ಲ. ಅಗೆದಾಗಲೆಲ್ಲ ಫೋನಿನ ಕೇಬಲ್ ಕಡಿಯುತ್ತದೆ, ಅದರ ಜೊತೆ ಇಂಟರ್ನೆಟ್ಟೂ ಹೋಗುತ್ತದೆ. ಬೇಸತ್ತ ರವಿ ಒಂದು ದಿನ ಊಟದ ಡಬ್ಬಿಯಷ್ಟಿರುವ ಬಿಳಿ ಪೆಟ್ಟಿಗೆ ತಂದು ಕಿಟಕಿಯಲ್ಲಿಟ್ಟ. ಕೇಬಲ್ಲೇ ಬೇಡ, ಟವರ್‌ನಿಂದ ನೇರವಾಗಿ ಗಾಳಿಯಲ್ಲೇ ಬರುತ್ತದೆ. ಅವನು ಕೆಲಸ ಮಾಡುವುದೂ ಟವರ್‌ಗಳ ಒಳಗಿನ ಯಂತ್ರ ತಯಾರಿಸುವ ಕಂಪನಿಯಲ್ಲೇ. ನಮಗಿನ್ನೂ ತ್ರೀಜಿಯೇ ಬಂದಿಲ್ಲ, ಅವನ ಬಾಯಲ್ಲಿ ಆಗಲೇ ಫೋರ್‌ಜಿ.

ಪೆಟ್ಟಿಗೆಯ ಮೇಲೆ ಐದು ಹಸಿರು ದೀಪ. ಸುಮಾ ಮನೆಯಲ್ಲಿ ಐದೂ ಉರಿದವು. ಕಂಪ್ಯೂಟರಿನ ತಲೆಯ ಮೇಲೊಂದು ಪುಟ್ಟ ಕ್ಯಾಮೆರಾ ಸಿಕ್ಕಿಸಿದರು. ಪುಣೆಯಲ್ಲಿ ಮಗಳ ಮನೆಯಲ್ಲಿರುವ ಪದ್ದು ಚಿಕ್ಕಮ್ಮ ಪರದೆಯ ಮೇಲೆ ಪ್ರತ್ಯಕ್ಷರಾದರು. ಪದ್ದು ಚಿಕ್ಕಮ್ಮ ನಮ್ಮ ಅತ್ತೆಯ ಒಬ್ಬಳೇ ತಂಗಿ. ಮಂಡಿನೋವಿನಿಂದ ಇಬ್ಬರಿಗೂ ಪ್ರಯಾಣ ಆಗದು, ಮುಖ ನೋಡಿ ವರ್ಷಗಳೇ ಆಗಿದ್ದವು. ಅತ್ತೆ ಪರದೆಯನ್ನು ಸೆರಗಿನಿಂದ ಒರೆಸಿ ತಂಗಿಯನ್ನು ಮತ್ತೊಮ್ಮೆ ನೋಡಿದರು. ಅಂದಿನಿಂದ ದಿನಾ ಸಂಜೆ ಲೋಟ ಹಿಡಿದು ಹೊರಟರು.

ನೋಡಲಿ. ನನಗೇನೂ ಅಡ್ಡಿಯಿಲ್ಲ. ಆದರೆ ಸುಮಾ ಮನೆಯಲ್ಲೇ ಯಾಕೆ ನೋಡಬೇಕು?

ನಮ್ಮಲ್ಲಿ ಹೊಟ್ಟೆಕಿಚ್ಚು ಹೊಸದಲ್ಲ, ಸಾಮಾನು ಮಾತ್ರ ಹೊಸದು. ತೊಂಬತ್ತರ ಹೊತ್ತಿಗೆ ಇಡೀ ಬೀದಿಗೆ ಒಂದೆರಡು ಫೋನು. ಉಳಿದವರು ವಿಸಿಟಿಂಗ್ ಕಾರ್ಡಿನಲ್ಲಿ ಪಕ್ಕದ ಮನೆಯ ನಂಬರ್ ಹಾಕಿ ಮುಂದೆ ಪಿ.ಪಿ. ಎಂದು ಬರೆದುಕೊಳ್ಳುತ್ತಿದ್ದೆವು. ಫೋನ್ ಬಂದಿದೆ ಎಂದು ಅವರು ಕೂಗುವ ದನಿಯಲ್ಲೇ ನಮ್ಮ ದರ್ಜೆ ಗೊತ್ತಾಗುತ್ತಿತ್ತು. ಆಗ ಹೊಟ್ಟೆ ಉರಿಯುತ್ತಿದ್ದುದು ಪಕ್ಕದ ಮನೆಯವರ ಮೇಲೆ. ಈಗ ಸ್ವಂತ ವಾರಗಿತ್ತಿಯ ಮೇಲೆ. ಇದರ ಉರಿ ಜಾಸ್ತಿ.

ನಾನೂ ಹಟ ಹಿಡಿದೆ. ಅಂಥದೇ ಕ್ಯಾಮೆರಾ, ಅದೇ ಕಂಪನಿಯ ಅದೇ ಪೆಟ್ಟಿಗೆ ತರಿಸಿದೆ. ಎಲ್ಲಿಡುವುದು? ನಮ್ಮೆಜಮಾನರು ದಿಕ್ಸೂಚಿ ತಂದರು. (ನಮ್ಮ ಮನೆಯಲ್ಲಿ ಗ್ರೈಂಡರ್ ಕೂಡ ವಾಸ್ತು ಕೇಳದೆ ಕೂರುವುದಿಲ್ಲ.) ಜ್ಞಾನ ಬರುವುದು ಈಶಾನ್ಯದಿಂದ, ಆದ್ದರಿಂದ ಪೆಟ್ಟಿಗೆ ಈಶಾನ್ಯದ ಕಿಟಕಿಯಲ್ಲಿ. ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ ಸ್ವಿಚ್ ಹಾಕಿದೆವು. ಒಂದು ಕೆಂಪು ದೀಪ ಮಿಣುಕಿತು. ಅಷ್ಟೇ. ಹಸಿರಿನ ಸುಳಿವಿಲ್ಲ.

ಟವರ್ ಇರುವುದು ಹಿಂದಿನ ರಸ್ತೆಯ ಕಲ್ಯಾಣ ಮಂಟಪದ ಮೇಲೆ, ಪಶ್ಚಿಮಕ್ಕೆ. ಅಂದರೆ ಸುಮಾ ಕಡೆಗೆ. ಪಾಲಾಗುವಾಗ ಸಂಪಿಗೆ ಮರ ನೋಡಿ ಹಿಗ್ಗಿದ ನನಗೆ ಮುಂದೊಂದು ದಿನ ಜನ ಪಶ್ಚಿಮಕ್ಕೆ ಆಸೆಪಡುತ್ತಾರೆ ಎಂದು ಯಾರು ಹೇಳಿದ್ದರು? ಕಸ್ಟಮರ್ ಕೇರ್ ಹುಡುಗಿಗೆ ಫೋನ್ ಮಾಡಿದರೆ, ನಿಮ್ಮ ಏರಿಯಾದಲ್ಲಿ ಕವರೇಜ್ ಚೆನ್ನಾಗಿದೆ ಮೇಡಂ ಅಂದಳು. ಚೆನ್ನಾಗಿರುವುದು ನನಗೂ ಗೊತ್ತು, ಗೋಡೆಯಾಚೆ!

ಸುದ್ದಿ ತಿಳಿದು ಸುಮಾ ಬಂದಳು. ಕೆಂಪು ದೀಪವನ್ನು ಬಗ್ಗಿ ನೋಡಿದಳು.

"ಪಾಪ ಅಕ್ಕ, ನಮ್ಮನೇಲಿ ಐದೂ ಉರಿಯತ್ತೆ" ಅಂದಳು.

ಅವಳು ಒಳ್ಳೆಯವಳು. ಅದೇ ಕಷ್ಟ. ಜಗಳಗಂಟಿಯಾಗಿದ್ದರೆ ನನಗೆ ಎಷ್ಟೋ ಹಾಯಾಗಿರುತ್ತಿತ್ತು. ಆ 'ಪಾಪ' ನನಗೆ ರಾತ್ರಿಯ ಊಟದಲ್ಲೂ ಗಂಟಲಿಗೆ ಸಿಕ್ಕಿಕೊಂಡಿತ್ತು.

ಆ ಭಾನುವಾರ ಅವರೆಕಾಯಿ ತಂದಿದ್ದೆವು. ಹಿದುಕಿದ ಬೇಳೆ ಸಾರಿಗೆ ಕಾಳು ಹಿದುಕುವುದೆಂದರೆ ನಮ್ಮಲ್ಲಿ ಗೋಡೆ ಲೆಕ್ಕಕ್ಕಿಲ್ಲ, ಎರಡೂ ಮನೆಯವರು ಒಂದೇ ಪಾತ್ರೆಯ ಸುತ್ತ ಕೂರುತ್ತೇವೆ. ನಾನು ರವಿಯನ್ನು ಹಿಡಿದುಕೊಂಡೆ. ನಿಮ್ಮ ಮನೆಗೆ ಬರುವುದು ನಮ್ಮ ಮನೆಗೆ ಯಾಕೆ ಬರುವುದಿಲ್ಲ? ಪಕ್ಷಪಾತವೇ?

ಅವನಿಗೆ ಅಷ್ಟು ಸಾಕು. ಅವನ ಕಂಪನಿಯಲ್ಲಿ ಯಾರೂ ಅವನ ಮಾತು ಕೇಳುವುದಿಲ್ಲವೋ ಏನೋ, ಭಾನುವಾರ ನಮಗೆ ಪಾಠ ಶುರುಮಾಡುತ್ತಾನೆ. ಗೋಡೆ ದೊಡ್ಡ ವಿಷಯವೇ ಅಲ್ಲವಂತೆ. ಹಿಂದೆ ಟಿವಿ ಆಂಟೆನಾ ಕಾಲದಲ್ಲಿ ವಾರ್ತೆ ಓದುವವಳ ಪಕ್ಕದಲ್ಲಿ ಅವಳದೇ ಇನ್ನೊಂದು ನೆರಳು ಕಾಣುತ್ತಿತ್ತಲ್ಲ, ಅದು ಸಿಗ್ನಲ್ ಎಲ್ಲೋ ಕಟ್ಟಡಕ್ಕೆ ಬಡಿದು ತಡವಾಗಿ ಬಂದದ್ದಕ್ಕೆ. ಆಗ ಅದು ಕಾಟ. ಈಗಿನ ಟೆಕ್ನಾಲಜಿಗೆ ಅದೇ ಬಂಡವಾಳ.

ಹೇಗೆ? ಕೆ.ಆರ್. ಮಾರ್ಕೆಟ್ಟಿಗೆ ಒಂದು ಲಾರಿ ತುಂಬ ಟೊಮೇಟೊ ಬಂತು ಅಂತಿಟ್ಟುಕೊಳ್ಳಿ. ಲಾರಿಯನ್ನೇ ಗಲ್ಲಿಗೆ ನುಗ್ಗಿಸಿದರೆ ಸಿಕ್ಕಿಕೊಳ್ಳುತ್ತದೆ, ಎಲ್ಲ ಹಾಳು. ಅದೇ ಬುಟ್ಟಿಗಳಿಗೆ ಹಂಚಿ, ನೂರಾರು ಕೂಲಿಗಳ ತಲೆಯ ಮೇಲಿಟ್ಟರೆ? ಒಬ್ಬೊಬ್ಬನೂ ನಿಧಾನವಾಗಿಯೇ ನಡೆಯುತ್ತಾನೆ, ಆದರೆ ಎಲ್ಲರೂ ಒಟ್ಟಿಗೇ ನಡೆಯುವುದರಿಂದ ಸರಕು ಬೇಗ ಸೇರುತ್ತದೆ. ಒಬ್ಬ ಎಡವಿದರೆ ಹೋಗುವುದು ಒಂದೇ ಬುಟ್ಟಿ. ಇದಕ್ಕೆ ಓಎಫ್‌ಡಿಎಂ ಅಂತಾರಂತೆ. ಇನ್ನೊಂದು ಮೈಮೋ. ಟವರ್‌ಗೂ ಒಂದಕ್ಕಿಂತ ಹೆಚ್ಚು ಆಂಟೆನಾ, ಪೆಟ್ಟಿಗೆಗೂ ಹಾಗೇ. ಎರಡು ಆಂಟೆನಾ ಒಂದೇ ಸಲ ಬೇರೆ ಬೇರೆ ಮಾತಾಡುತ್ತವೆ. ಗೋಡೆಗಳಿಗೆ ಬಡಿದು ಬೇರೆ ಬೇರೆ ದಾರಿಯಲ್ಲಿ ಬಂದದ್ದರಿಂದಲೇ ಪೆಟ್ಟಿಗೆ ಅವನ್ನು ಬಿಡಿಸಿ ಕೇಳಿಸಿಕೊಳ್ಳುತ್ತದೆ.

ಅಷ್ಟೇನಾ ಅಂದೆ. ಕುಕ್ಕರ್ ಕೂಗುತ್ತಿದ್ದರೂ, ಟಿವಿ ಅರಚುತ್ತಿದ್ದರೂ, ಪಕ್ಕದ ಮನೆಯ ಮಾತನ್ನು ಬಿಡಿಸಿ ಕೇಳಿಸಿಕೊಳ್ಳುವುದು ನಮ್ಮ ಬೀದಿಯ ಹೆಂಗಸರಿಗೆ ಹುಟ್ಟಿದಾಗಿನಿಂದ ಬರುತ್ತದೆ.

ಆಮೇಲೆ ಅವನು ಹೇಳಿದ್ದು ಕೇಳಿ ನನಗೆ ಮೈ ಉರಿಯಿತು. ಒಂದೇ ಟವರನ್ನು ಹತ್ತಾರು ಮನೆ ಹಂಚಿಕೊಳ್ಳುತ್ತವಲ್ಲ, ಯಾರಿಗೆ ಯಾವಾಗ ಸರದಿ ಎಂದು ಟವರ್ ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತದಂತೆ. ಆ ಕ್ಷಣ ಯಾರ ಸಿಗ್ನಲ್ ಚೆನ್ನಾಗಿದೆಯೋ ಅವರಿಗೆ ಮೊದಲು. ಎಲೆ ತುಂಬ ಇರುವವರಿಗೇ ಮತ್ತೆ ಬಡಿಸುವುದೇ? ಇದೇನಾ ನಿಮ್ಮ ಮುಂದಿನ ತಲೆಮಾರಿನ ನ್ಯಾಯ? ಹಾಗಲ್ಲ ಅತ್ತಿಗೆ, ತುಂಬಾ ಹೊತ್ತು ಸಿಗದೆ ಇದ್ದವರನ್ನೂ ಅದು ನೆನಪಿಟ್ಟುಕೊಂಡಿರುತ್ತದೆ ಎಂದು ಸಮಾಧಾನ ಹೇಳಿದ. ನನ್ನನ್ನು ನೆನಪಿಟ್ಟುಕೊಂಡ ಲಕ್ಷಣ ಎಲ್ಲೂ ಕಾಣಲಿಲ್ಲ.

ಮೊಬೈಲ್ ಹಿಡಿದು ಬಸ್ಸಿನಲ್ಲಿ ಎನ್.ಆರ್. ಕಾಲೋನಿ ಕಡೆ ಹೊರಟರೆ ಫೋನು ಒಂದು ಟವರ್ ಬಿಟ್ಟು ಇನ್ನೊಂದಕ್ಕೆ ಸೇರಿಕೊಳ್ಳುತ್ತದಲ್ಲ, ಅದರಲ್ಲೂ ಒಂದು ಶಿಸ್ತು ಇದೆಯಂತೆ. ಪಕ್ಕದ ಟವರ್ ಒಂಚೂರು ಚೆನ್ನಾಗಿ ಕಂಡಿತು ಎಂದು ತಕ್ಷಣ ಹಾರಬಾರದು. ಸಾಕಷ್ಟು ಚೆನ್ನಾಗಿದ್ದು, ಸ್ವಲ್ಪ ಹೊತ್ತು ಹಾಗೇ ಇದ್ದರೆ ಮಾತ್ರ ಬಿಡಬೇಕು. ಇಲ್ಲದಿದ್ದರೆ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಅಲೆಯುವುದೇ ಆಗುತ್ತದೆ. ನಾನು ಅತ್ತೆಯ ಕಡೆ ನೋಡಿದೆ. ಅವರು ಕಾಳು ಹಿದುಕುತ್ತಿದ್ದರು.

ಎಲ್ಲ ಸರಿ, ನನ್ನ ಪೆಟ್ಟಿಗೆ ಯಾಕೆ ಕೆಂಪು? ರವಿ ಎದ್ದು ಈಶಾನ್ಯದ ಕಿಟಕಿಯ ಹತ್ತಿರ ಹೋದ. ಎದುರಿನ ಮೂರಂತಸ್ತಿನ ಲಾಡ್ಜನ್ನು ನೋಡಿದ. ಟವರ್‌ನ ಸಿಗ್ನಲ್ ಆ ಗೋಡೆಗೆ ಬಡಿದು ನೇರ ಈ ಕಿಟಕಿಗೆ ಬರಬೇಕು ಅಂದ. ಆಮೇಲೆ ಕಿಟಕಿಯನ್ನು ಮುಟ್ಟಿ ನಗತೊಡಗಿದ.

"ಅತ್ತಿಗೆ, ಇದು ತಂತಿ ಜಾಲರಿ. ಸೊಳ್ಳೆ ಜೊತೆ ಸಿಗ್ನಲ್ನೂ ಹೊರಗೇ ನಿಲ್ಸಿದೀರ."

ಅಯ್ಯೋ! ಸುಮಾ ಮಂಚಕ್ಕೆ ಸೊಳ್ಳೆ ಪರದೆ ಕಟ್ಟಿದ ವರ್ಷ, ಅವಳಿಗಿಂತ ಒಂದು ಕೈ ಮೇಲಾಗಬೇಕೆಂದು ನಾನು ಮನೆಯ ಒಂದೊಂದು ಕಿಟಕಿಗೂ ಕಬ್ಬಿಣದ ಜಾಲರಿ ಹೊಡೆಸಿದ್ದೆ. ನಮ್ಮ ಮನೆಗೆ ಒಂದು ಸೊಳ್ಳೆಯೂ ಬರುವುದಿಲ್ಲ ಎಂದು ಅವಳ ಮುಂದೆಯೇ ಎಷ್ಟು ಸಲ ಜಂಬ ಕೊಚ್ಚಿದ್ದೆನೋ. ಅಂಥ ಸಣ್ಣ ಕಣ್ಣಿನ ಲೋಹದ ಬಲೆಯಲ್ಲಿ ರೇಡಿಯೋ ಅಲೆ ನುಸುಳುವುದಿಲ್ಲವಂತೆ. ಕಲ್ಲಿನ ಗೋಡೆಯನ್ನು ಗೆದ್ದು ಬಂದ ಟೆಕ್ನಾಲಜಿ ನನ್ನ ಜಂಬದ ಮುಂದೆ ನಿಂತುಹೋಗಿತ್ತು.

ಎಜಮಾನರು ಸೊಳ್ಳೆಯ ಚಿಂತೆಯಲ್ಲಿ ರಾಗ ಎಳೆಯುತ್ತಿದ್ದರು. ನಾನೇ ಇಕ್ಕಳ ತಂದು ಆ ಕಿಟಕಿಯ ಜಾಲರಿ ಕಿತ್ತೆ. ಒಂದು ಹಸಿರು ದೀಪ ಹತ್ತಿತು. ಇನ್ನೊಂದು. ಮತ್ತೆರಡು. ಐದನೆಯದು ಹತ್ತಲಿಲ್ಲ. (ಸುಮಾ ಮನೆಯಲ್ಲಿ ಐದು. ಇರಲಿ.) ಈಶಾನ್ಯದ ಮಹಿಮೆ ನೋಡಿದೆಯಾ ಎಂದು ಎಜಮಾನರು ಮೀಸೆ ತಿರುವಿದರು.

ಮರುದಿನ ಸಂಜೆ ಅತ್ತೆ ನಮ್ಮ ಮನೆಯಲ್ಲೇ ಕೂತರು. ಕಾಫಿ ನಮ್ಮಲ್ಲೇ, ಪದ್ದು ಚಿಕ್ಕಮ್ಮನೂ ನಮ್ಮಲ್ಲೇ. ಸೊಳ್ಳೆ ಬತ್ತಿ ಹಚ್ಚಿಟ್ಟೆ. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಸಹಾಯಕ್ಕೆ! ಕ್ಯಾಮೆರಾ ಸರಿಮಾಡಬೇಕು, ಸೌಂಡ್ ಜಾಸ್ತಿ ಮಾಡಬೇಕು, ಅವರು ಮರೆತ ಹೆಸರನ್ನು ನೆನಪಿಸಬೇಕು. ನಡುನಡುವೆ ನಾನೂ ಎರಡು ಮಾತು ಸೇರಿಸುತ್ತಿದ್ದೆ. ಗೋಡೆಯಾಚೆ ಸುಮಾಗೆ ಕೇಳಿಸಲಿ ಎಂದು ನಗುವುದನ್ನು ಸ್ವಲ್ಪ ಜೋರಾಗಿಯೇ ನಗುತ್ತಿದ್ದೆ. ಗೆದ್ದವರು ಹಾಗೆ ನಗಬಾರದೇನು?

ಹೋದ ವಾರದ ಅಂಕಣ ಸಿಕ್ಕಿದ್ದೂ ಅಲ್ಲೇ. ಮಾತಾಡುತ್ತಾ ಮಾತಾಡುತ್ತಾ ಪದ್ದು ಚಿಕ್ಕಮ್ಮನ ಹಲ್ಲಿನ ಸೆಟ್ಟು ಜಾರಿ ಮಡಿಲಿಗೆ ಬಿದ್ದ ಪ್ರಸಂಗ. ಅತ್ತೆಗೆ ಓದಿ ತೋರಿಸಲು ಪುರುಸೊತ್ತಾಗಲಿಲ್ಲ, ಸಂಜೆಯೆಲ್ಲ ಕಂಪ್ಯೂಟರ್ ಮುಂದೆ ಇರುತ್ತಿದ್ದೆವಲ್ಲ. ಹಾಗೇ ಕಳಿಸಿಬಿಟ್ಟೆ. ನೀವೆಲ್ಲ ಓದಿ ನಕ್ಕಿರಿ. ಕೆಲವರು ಫೋನ್ ಮಾಡಿಯೂ ನಕ್ಕಿರಿ.

ಅದು ಅಚ್ಚಾದ ಮರುದಿನ ಸಂಜೆ ಅತ್ತೆ ಲೋಟದ ಮೇಲೆ ಬಟ್ಟಲು ಮುಚ್ಚಿಕೊಂಡು ಮತ್ತೆ ಪಕ್ಕದ ಮನೆಗೆ ಹೊರಟರು. ಪೆಟ್ಟಿಗೆ ಕೆಟ್ಟಿತೇನೋ ಎಂದು ಓಡಿ ನೋಡಿದೆ. ನಾಲ್ಕೂ ಹಸಿರು. ಅವಳದು ಐದು, ನಮ್ಮದು ನಾಲ್ಕು, ಆ ಒಂದು ದೀಪಕ್ಕೆ ಹೋದರೇ? ಒಳಗೆ ಧಗಧಗ ಉರಿಯಿತು. ಅವರು ವಾಪಸ್ ಬರುವವರೆಗೆ ಬಾಗಿಲಲ್ಲೇ ನಿಂತಿದ್ದೆ. ಇಲ್ಲೂ ಚೆನ್ನಾಗಿ ಬರುತ್ತದಲ್ಲ, ಅಲ್ಲಿಗೆ ಯಾಕೆ ಹೋದಿರಿ ಎಂದು ಕೇಳಿಯೇಬಿಟ್ಟೆ.

ಅತ್ತೆ ಲೋಟ ಕೆಳಗಿಟ್ಟರು.

"ಪದ್ದು ನಿನ್ನ ಪೇಪರ್ನ ನೆಟ್ನಲ್ಲೇ ಓದ್ತಾಳೆ ಕಣೆ. ಇವತ್ತು ಬಾಯಿಗೆ ಸೆರಗು ಅಡ್ಡ ಇಟ್ಕೊಂಡೇ ಮಾತಾಡಿದ್ಲು. ಸುಮಾ ಕಂಪ್ಯೂಟರ್ ಹಾಕ್ಕೊಟ್ಟು, ಬಾಗ್ಲು ಎಳ್ಕೊಂಡು ಅಡುಗೆಮನೆಗೆ ಹೋಗ್ಬಿಡ್ತಾಳೆ. ನೀನು ಪಕ್ಕದಲ್ಲೇ ಕೂತಿರ್ತೀಯ."

ಬೈದಿದ್ದರೆ ಜಗಳವಾಡಬಹುದಿತ್ತು. ಅವರು ಬೈಯಲಿಲ್ಲ.

ಮರುದಿನ ನಾನೂ ಅವರ ಜೊತೆ ಸುಮಾ ಮನೆಗೆ ಹೋದೆ. ಆ ಐದು ದೀಪಗಳ ಎದುರಿಗೇ ನಿಂತು ಪದ್ದು ಚಿಕ್ಕಮ್ಮನ ಹತ್ತಿರ ತಪ್ಪಾಯಿತು ಎಂದು ಕೇಳಿಕೊಂಡೆ. ಅವರು ಸೆರಗು ಇಳಿಸಿ, ಹೋಗಲಿ ಬಿಡಮ್ಮ ಅಂದರು. ಇಷ್ಟನ್ನು ಬರೆಯಲೇ ಎಂದು ಕೇಳಿದೆ. ಅಕ್ಕತಂಗಿ ಇಬ್ಬರೂ ಪರದೆಯ ಮೇಲೇ ಮುಖ ಮುಖ ನೋಡಿಕೊಂಡು, ಇಷ್ಟನ್ನು ಮಾತ್ರ ಬರಿ ಎಂದು ಅಪ್ಪಣೆ ಕೊಟ್ಟರು. ಇನ್ನು ಅವರ ಪಾಡಿಗೆ ಅವರನ್ನು ಬಿಡೋಣವೆಂದು ನಾನೇ ಎದ್ದೆ. ಬಾಗಿಲು ಎಳೆಯಲು ಕೈ ಚಾಚಿದರೆ, ಸುಮಾ ಆಗಲೇ ಎಳೆಯುತ್ತಿದ್ದಳು.

ಅದೂ ಅವಳಿಗೇ ಮೊದಲು ಹೊಳೆಯಬೇಕಿತ್ತೇ?